ಪಾಸ್‌ಪೋರ್ಟಿನ ಬಲಾಬಲ: ವ್ಯಾಪಾರಿಯ ದೃಷ್ಟಿಯಿಂದ ಒಂದು ಅವಲೋಕನ

ಜಾಗತೀಕರಣದ ಫಲವಾಗಿ ಸರಕು ಮತ್ತು ಬಂಡವಾಳದ ಸಂಚಾರಕ್ಕಿದ್ದ ಅಡೆತಡೆಗಳು ಕಳೆದ ಕೆಲವು ದಶಕಗಳಲ್ಲಿ ಬಹುಮಟ್ಟಿಗೆ ಸಡಿಲಗೊಂಡಿವೆ. ಪೀಣ್ಯದಲ್ಲಿ ತಯಾರಾದ ಯಂತ್ರದ ಬಿಡಿಭಾಗವೊಂದು, ದಾಖಲೆಪತ್ರಗಳು ಕ್ರಮಬದ್ಧವಾಗಿದ್ದರೆ, ಕೆಲವೇ ವಾರಗಳಲ್ಲಿ ಜರ್ಮನಿಯ ಖರೀದಿದಾರನ ಉಗ್ರಾಣವನ್ನು ಸೇರುತ್ತದೆ. ಅದರ ಬೆಲೆ ಬ್ಯಾಂಕಿನ ಮೂಲಕ ಮರಳಿ ಬರುತ್ತದೆ. ಆದರೆ ಆ ಬಿಡಿಭಾಗವನ್ನು ತಯಾರಿಸಿದ ಉದ್ಯಮಿಯು ಅದೇ ಖರೀದಿದಾರನನ್ನು ಕಾಣಲು ಹೊರಟರೆ ಬ್ಯಾಂಕ್ ಖಾತೆಯ ವಿವರ, ಆದಾಯ ತೆರಿಗೆಯ ದಾಖಲೆ, ಆಹ್ವಾನಪತ್ರ, ವಿಮೆ, ಬೆರಳಚ್ಚು ಇವೆಲ್ಲವನ್ನೂ ಒದಗಿಸಿ ವೀಸಾಕ್ಕಾಗಿ ಕಾಯಬೇಕು. ಅದೇ ಖರೀದಿದಾರನಿಗೆ ಸರಕು ಮಾರುವ ಕೊರಿಯಾ ಅಥವಾ ಮಲೇಷ್ಯಾದ ಪ್ರತಿಸ್ಪರ್ಧಿ ಮಾತ್ರ ಟಿಕೆಟ್ ಕೊಂಡು ಮರುದಿನವೇ ವಿಮಾನವೇರಬಲ್ಲ.

ಈ ವ್ಯತ್ಯಾಸವನ್ನು ಅಂಕಿಗಳಲ್ಲಿ ತೋರಿಸುವ ಪಾಸ್‌ಪೋರ್ಟ್ ಶ್ರೇಯಾಂಕಗಳು ಪ್ರತಿವರ್ಷವೂ ಪತ್ರಿಕೆಗಳಲ್ಲಿ ಪ್ರಕಟವಾಗುತ್ತವೆ. ಭಾರತ ಇಷ್ಟು ಸ್ಥಾನ ಮೇಲೇರಿತು ಅಥವಾ ಇಷ್ಟು ಸ್ಥಾನ ಕುಸಿಯಿತು ಎಂಬ ಸುದ್ದಿ ಕೆಲವು ದಿನಗಳ ಚರ್ಚೆಗೆ ವಸ್ತುವಾಗುತ್ತದೆ. ಈ ಶ್ರೇಯಾಂಕಗಳು ಏನನ್ನು ಅಳೆಯುತ್ತವೆ, ಏನನ್ನು ಅಳೆಯುವುದಿಲ್ಲ, ವ್ಯಾಪಾರಸ್ಥರು ಅವುಗಳಿಗೆ ಎಷ್ಟು ಬೆಲೆ ಕೊಡಬೇಕು ಎಂಬುದನ್ನು ಇಲ್ಲಿ ಪರಿಶೀಲಿಸಲಾಗಿದೆ.

ಪಾಸ್‌ಪೋರ್ಟ್ ಬೇರೆ, ವೀಸಾ ಬೇರೆ

ಪಾಸ್‌ಪೋರ್ಟ್ ಎಂಬುದು ತನ್ನ ಪ್ರಜೆಯ ಗುರುತಿಗೆ ಸ್ವದೇಶವು ನೀಡುವ ಪ್ರಮಾಣಪತ್ರ. ವೀಸಾ ಎಂಬುದು ಪರದೇಶವು ನೀಡುವ ಪ್ರವೇಶಾನುಮತಿ. ಮೊದಲನೆಯದು ನಮ್ಮ ಸರ್ಕಾರದ ಕೈಯಲ್ಲಿದೆ, ಎರಡನೆಯದು ಇಲ್ಲ. ಈ ಸರಳ ಭೇದವನ್ನು ಮರೆತಾಗಲೇ ಅನೇಕ ತಪ್ಪು ಕಲ್ಪನೆಗಳು ಹುಟ್ಟುತ್ತವೆ.

ಮೊದಲನೆಯ ಮಹಾಯುದ್ಧಕ್ಕೆ ಮುಂಚೆ ಯುರೋಪಿನ ಬಹುಭಾಗದಲ್ಲಿ ಪಾಸ್‌ಪೋರ್ಟ್ ಇಲ್ಲದೆಯೇ ಸಂಚರಿಸಬಹುದಾಗಿತ್ತು. ಯುದ್ಧಕಾಲದಲ್ಲಿ ತಾತ್ಕಾಲಿಕವೆಂದು ಬಂದ ನಿರ್ಬಂಧ ಯುದ್ಧಾನಂತರವೂ ಉಳಿಯಿತು. 1920ರಲ್ಲಿ ರಾಷ್ಟ್ರಸಂಘದ ಆಶ್ರಯದಲ್ಲಿ ಪ್ಯಾರಿಸ್ಸಿನಲ್ಲಿ ನಡೆದ ಸಮ್ಮೇಳನವು 32 ಪುಟಗಳ ಏಕರೂಪದ ಪುಸ್ತಿಕೆಯನ್ನು ಶಿಫಾರಸು ಮಾಡಿತು. ಇಂದಿನ ಪಾಸ್‌ಪೋರ್ಟಿನ ಸ್ವರೂಪಕ್ಕೆ ಅದೇ ಮೂಲ.

ಭಾರತದಲ್ಲಿ ಪಾಸ್‌ಪೋರ್ಟ್ ಪಡೆಯುವುದು ಪ್ರಜೆಯ ಹಕ್ಕೆಂದು ಸ್ಥಾಪಿತವಾದುದು ಒಬ್ಬ ವ್ಯಾಪಾರಿಯ ಮೊಕದ್ದಮೆಯಿಂದ ಎಂಬುದು ಇಲ್ಲಿ ಸ್ಮರಣೀಯ. ಮೋಟಾರು ವಾಹನಗಳ ಬಿಡಿಭಾಗಗಳ ಆಮದು, ರಫ್ತು ಮತ್ತು ತಯಾರಿಕೆಯಲ್ಲಿ ತೊಡಗಿದ್ದ ಸತ್ವಂತ್ ಸಿಂಗ್ ಸಾಹ್ನಿ ಅವರಿಗೆ ತಮ್ಮ ಪಾಸ್‌ಪೋರ್ಟನ್ನು ಹಿಂದಿರುಗಿಸುವಂತೆ ಸರ್ಕಾರ ಸೂಚಿಸಿತ್ತು. ಅವರು ಸರ್ವೋಚ್ಚ ನ್ಯಾಯಾಲಯದ ಮೊರೆಹೊಕ್ಕರು. 1967ರ ಏಪ್ರಿಲ್‌ನಲ್ಲಿ ಮುಖ್ಯ ನ್ಯಾಯಮೂರ್ತಿ ಕೆ. ಸುಬ್ಬರಾವ್ ಅವರಿದ್ದ ಪೀಠವು ಬಹುಮತದಿಂದ, ವಿದೇಶ ಪ್ರಯಾಣವು ಸಂವಿಧಾನದ 21ನೆಯ ವಿಧಿಯ ವೈಯಕ್ತಿಕ ಸ್ವಾತಂತ್ರ್ಯದಲ್ಲಿ ಅಡಕವಾಗಿದೆ ಎಂದು ತೀರ್ಪಿತ್ತಿತು. ಅದೇ ವರ್ಷ ಪಾಸ್‌ಪೋರ್ಟ್ ಕಾಯ್ದೆ ಜಾರಿಗೆ ಬಂದಿತು. ಅಂದಿನಿಂದ ಪಾಸ್‌ಪೋರ್ಟ್ ಪಡೆಯುವ ಕ್ರಮ ಸುಲಭವಾಗುತ್ತಲೇ ಬಂದಿದೆ. 2017ರ ಜನವರಿಯಲ್ಲಿ ಅಂಚೆ ಕಚೇರಿಯಲ್ಲೇ ಪಾಸ್‌ಪೋರ್ಟ್ ಸೇವೆ ನೀಡುವ ಯೋಜನೆ ಮೊದಲು ಆರಂಭವಾದ ಎರಡು ಊರುಗಳಲ್ಲಿ ಮೈಸೂರೂ ಒಂದು. ಹೀಗೆ ಮನೆಯ ಬಾಗಿಲು ಸುಲಭವಾಗಿ ತೆರೆದುಕೊಂಡಿದೆ. ಕಷ್ಟವಿರುವುದು ಎದುರು ಮನೆಯ ಬಾಗಿಲಲ್ಲಿ.

ಶ್ರೇಯಾಂಕ ಎಣಿಸುವ ಬಗೆ

ಹೆಚ್ಚು ಪ್ರಚಾರದಲ್ಲಿರುವ ಶ್ರೇಯಾಂಕ ಹೆನ್ಲಿ ಅಂಡ್ ಪಾರ್ಟ್‌ನರ್ಸ್ ಸಂಸ್ಥೆಯದು. ಅಂತಾರಾಷ್ಟ್ರೀಯ ವಿಮಾನ ಸಾರಿಗೆ ಸಂಘದ ಮಾಹಿತಿಯನ್ನು ಆಧರಿಸಿ 199 ಪಾಸ್‌ಪೋರ್ಟುಗಳನ್ನು 227 ಪ್ರಯಾಣ ಸ್ಥಳಗಳೊಡನೆ ಅದು ತಾಳೆ ನೋಡುತ್ತದೆ. ಮುಂಗಡ ವೀಸಾ ಇಲ್ಲದೆ ಹೋಗಬಹುದಾದ ಪ್ರತಿ ಸ್ಥಳಕ್ಕೂ ಒಂದು ಅಂಕ. ವಿಮಾನ ನಿಲ್ದಾಣದಲ್ಲೇ ದೊರೆಯುವ ಆಗಮನ ವೀಸಾಕ್ಕೂ, ಗಣಕಯಂತ್ರದ ಮೂಲಕ ಪಡೆಯುವ ವಿದ್ಯುನ್ಮಾನ ಪ್ರಯಾಣಾನುಮತಿಗೂ ಅಂಕ ದೊರೆಯುತ್ತದೆ. ಹೊರಡುವ ಮೊದಲೇ ಸರ್ಕಾರದ ಮಂಜೂರಾತಿ ಬೇಕಾದ ಇ-ವೀಸಾಕ್ಕೆ ಅಂಕವಿಲ್ಲ.

2025ರ ಉದ್ದಕ್ಕೂ ಈ ಪಟ್ಟಿಯಲ್ಲಿ ಸಿಂಗಪುರ ಮೊದಲ ಸ್ಥಾನದಲ್ಲಿತ್ತು, ಅಫ್ಘಾನಿಸ್ತಾನ ಕೊನೆಯಲ್ಲಿತ್ತು. ಭಾರತ ಜನವರಿಯಲ್ಲಿ 57 ಸ್ಥಳಗಳೊಡನೆ 85ನೆಯ ಸ್ಥಾನದಲ್ಲಿದ್ದು, ಜುಲೈ ವೇಳೆಗೆ 59 ಸ್ಥಳಗಳೊಡನೆ 77ಕ್ಕೆ ಏರಿತು. ಅಕ್ಟೋಬರಿನಲ್ಲಿ ಪುನಃ 57 ಸ್ಥಳಗಳಿಗೆ ಇಳಿದು 85ಕ್ಕೆ ಮರಳಿತು. ಏರಿಳಿದ ಸ್ಥಳಗಳು ಕೇವಲ ಎರಡಾದರೂ ಶ್ರೇಯಾಂಕದಲ್ಲಿ ಎಂಟು ಸ್ಥಾನಗಳ ಅಂತರ ಕಂಡುಬಂದಿತು. ಆ ವರ್ಷ ಭಾರತೀಯ ವ್ಯಾಪಾರಿಯ ನೈಜ ಸ್ಥಿತಿ ಜುಲೈಯಲ್ಲಿ ಸುಧಾರಿಸಿಯೂ ಇರಲಿಲ್ಲ, ಅಕ್ಟೋಬರಿನಲ್ಲಿ ಹದಗೆಟ್ಟೂ ಇರಲಿಲ್ಲ.

ಎಣಿಕೆಯ ಕ್ರಮ ಬದಲಾದರೆ ಫಲಿತಾಂಶವೂ ಬದಲಾಗುತ್ತದೆ. ಆರ್ಟನ್ ಕ್ಯಾಪಿಟಲ್ ಎಂಬ ಮತ್ತೊಂದು ಸಂಸ್ಥೆಯ ಪಟ್ಟಿಯಲ್ಲಿ 2018ರ ಡಿಸೆಂಬರಿನಲ್ಲೇ ಸಂಯುಕ್ತ ಅರಬ್ ಸಂಸ್ಥಾನ ಮೊದಲ ಸ್ಥಾನಕ್ಕೇರಿತ್ತು. ಹೆನ್ಲಿ ಪಟ್ಟಿಯಲ್ಲಿ ಅದೇ ಪಾಸ್‌ಪೋರ್ಟ್ 2025ರ ಜುಲೈಯಲ್ಲಿ ಎಂಟನೆಯದಾಗಿತ್ತು. ಈ ಎರಡೂ ಸಂಸ್ಥೆಗಳು ಬಂಡವಾಳ ಹೂಡಿ ಪೌರತ್ವ ಪಡೆಯುವವರಿಗೆ ಸಲಹೆ ನೀಡುವ ವ್ಯವಹಾರ ನಡೆಸುತ್ತವೆ ಎಂಬುದನ್ನೂ ಓದುಗರು ಗಮನದಲ್ಲಿಡಬೇಕು.

ಬಲ ಬರುವುದೆಲ್ಲಿಂದ?

ಒಂದು ದೇಶ ಮತ್ತೊಂದು ದೇಶದ ಪ್ರಜೆಗಳಿಗೆ ವೀಸಾ ವಿನಾಯಿತಿ ನೀಡುವಾಗ ಮುಖ್ಯವಾಗಿ ಮೂರು ಅಂಶಗಳನ್ನು ತೂಗಿ ನೋಡುತ್ತದೆ. ಬಂದವರು ಅವಧಿ ಮುಗಿದೊಡನೆ ಹಿಂದಿರುಗುವರೇ ಎಂಬುದು ಮೊದಲನೆಯದು. ತಲಾ ಆದಾಯ ಕಡಿಮೆಯಿರುವ ದೇಶದವರು ಉಳಿದುಬಿಡುವ ಸಂಭವ ಹೆಚ್ಚೆಂದು ಶ್ರೀಮಂತ ದೇಶಗಳು ಭಾವಿಸುತ್ತವೆ. ಪಾಸ್‌ಪೋರ್ಟ್ ನಂಬಲರ್ಹವೇ, ನಕಲಿಗೆ ಅವಕಾಶವಿಲ್ಲವೇ ಎಂಬುದು ಎರಡನೆಯದು. ಭಾರತವು 2024ರ ಏಪ್ರಿಲ್‌ನಲ್ಲಿ ಪ್ರಾಯೋಗಿಕವಾಗಿ ಆರಂಭಿಸಿದ ಚಿಪ್ ಸಹಿತ ಇ-ಪಾಸ್‌ಪೋರ್ಟ್ ಈ ನಂಬಿಕೆಯನ್ನು ಬೆಳೆಸಲು ಸಹಾಯಕ. ಆದರೆ ಚಿಪ್ ಇದ್ದಮಾತ್ರಕ್ಕೆ ವೀಸಾ ಮನ್ನಾ ಆಗುವುದಿಲ್ಲ. ಕೊಟ್ಟು ತೆಗೆದುಕೊಳ್ಳುವ ನೀತಿ ಮೂರನೆಯದು. ಭಾರತ ಸ್ವತಃ ನೇಪಾಳ, ಭೂತಾನ್, ಮಾಲ್ಡೀವ್ಸ್‌ನಂತಹ ಕೆಲವೇ ನೆರೆರಾಷ್ಟ್ರಗಳ ಸಾಮಾನ್ಯ ಪ್ರಜೆಗಳಿಗೆ ವೀಸಾ ರಹಿತ ಪ್ರವೇಶ ನೀಡುತ್ತದೆ. 2014ರಲ್ಲಿ ಆರಂಭವಾದ ಇ-ವೀಸಾ ವ್ಯವಸ್ಥೆ ಬಹುತೇಕ ದೇಶಗಳಿಗೆ ವಿಸ್ತರಿಸಿದ್ದರೂ ಅದು ವಿನಾಯಿತಿಯಲ್ಲ. ತಾನು ಬಾಗಿಲು ತೆರೆಯದೆ ಪರರ ಬಾಗಿಲು ತೆರೆಯಬೇಕೆಂದು ಕೇಳುವುದು ಕಷ್ಟ.

ರಾಜತಾಂತ್ರಿಕ ಯತ್ನದಿಂದ ಸ್ಥಿತಿ ಬದಲಾಗಬಲ್ಲದು ಎಂಬುದಕ್ಕೆ ಸಂಯುಕ್ತ ಅರಬ್ ಸಂಸ್ಥಾನವೇ ನಿದರ್ಶನ. 2015ರ ಮೇ ತಿಂಗಳಲ್ಲಿ ಯುರೋಪಿನ ಷೆಂಗೆನ್ ದೇಶಗಳು ಅದರ ಪ್ರಜೆಗಳಿಗೆ ವೀಸಾ ಮನ್ನಾ ಮಾಡಿದವು. ಹೆನ್ಲಿ ಪಟ್ಟಿಯಲ್ಲಿ ಆ ವರ್ಷ 42ನೆಯದಾಗಿದ್ದ ಪಾಸ್‌ಪೋರ್ಟ್ ಹತ್ತು ವರ್ಷಗಳಲ್ಲಿ 34 ಸ್ಥಾನ ಮೇಲೇರಿತು. ಇದಕ್ಕೆ ವ್ಯತಿರಿಕ್ತವಾಗಿ 2014ರಲ್ಲಿ ಅಗ್ರಸ್ಥಾನದಲ್ಲಿದ್ದ ಅಮೆರಿಕದ ಪಾಸ್‌ಪೋರ್ಟ್ 2025ರ ಅಕ್ಟೋಬರಿನಲ್ಲಿ 12ಕ್ಕೆ ಇಳಿದು, ಮೊದಲ ಬಾರಿಗೆ ಮೊದಲ ಹತ್ತರಿಂದ ಹೊರಬಿದ್ದಿತು.

ಪಟ್ಟಿ ಒಂದು ಕಡೆ, ಮಾರುಕಟ್ಟೆ ಮತ್ತೊಂದು ಕಡೆ

ಶ್ರೇಯಾಂಕದ ಪಟ್ಟಿಯಲ್ಲಿ ಎಲ್ಲ ದೇಶಗಳಿಗೂ ಒಂದೇ ತೂಕ. ಪೆಸಿಫಿಕ್ ಸಾಗರದ ಪುಟ್ಟ ದ್ವೀಪಕ್ಕೂ ಒಂದಂಕ, ಅಮೆರಿಕಕ್ಕೂ ಒಂದಂಕ. ಆದರೆ ವ್ಯಾಪಾರಿಯ ಖಾತೆಪುಸ್ತಕದಲ್ಲಿ ಇವೆರಡೂ ಸಮಾನವಲ್ಲ. 2024-25ರಲ್ಲಿ ಭಾರತದ ಸರಕುಗಳನ್ನು ಹೆಚ್ಚಾಗಿ ಕೊಂಡ ದೇಶಗಳ ಸಾಲಿನಲ್ಲಿ ಮುಂದಿದ್ದವು ಅಮೆರಿಕ, ಸಂಯುಕ್ತ ಅರಬ್ ಸಂಸ್ಥಾನ, ನೆದರ್ಲೆಂಡ್ಸ್, ಬ್ರಿಟನ್ ಮತ್ತು ಚೀನಾ. ಈ ಐದು ದೇಶಗಳ ಪೈಕಿ ಒಂದಕ್ಕೂ ಸಾಮಾನ್ಯ ಭಾರತೀಯ ಪಾಸ್‌ಪೋರ್ಟ್ ಹೊಂದಿದವರು ಬೇರಾವ ವೀಸಾದ ಬೆಂಬಲವೂ ಇಲ್ಲದೆ ಮುಂಗಡ ಅನುಮತಿ ಪಡೆಯದೆ ಹೋಗಲಾಗದು. ಅರ್ಥಾತ್ ಪಟ್ಟಿಯಲ್ಲಿ ಇನ್ನೂ ಹತ್ತು ದ್ವೀಪಗಳು ಸೇರಿದರೂ ರಫ್ತುದಾರನ ಪ್ರಯಾಣ ಒಂದು ದಿನವೂ ಬೇಗವಾಗದು.

ಹಾಗೆಂದು ತೆರೆದ ಬಾಗಿಲುಗಳು ನಿರುಪಯೋಗಿಯೆಂದಲ್ಲ. ಮಲೇಷ್ಯಾ 2023ರ ಡಿಸೆಂಬರ್ 1ರಿಂದ ಭಾರತೀಯರಿಗೆ 30 ದಿನಗಳ ವೀಸಾ ರಹಿತ ಪ್ರವೇಶ ನೀಡಿ, ನಂತರ ಆ ಸೌಲಭ್ಯವನ್ನು 2026ರ ಅಂತ್ಯದವರೆಗೆ ವಿಸ್ತರಿಸಿತು. ಕಜಾಕ್‌ಸ್ತಾನ 2022ರ ಜುಲೈಯಿಂದ 14 ದಿನಗಳ ಅವಕಾಶ ನೀಡಿತು. ಕೀನ್ಯಾ 2024ರ ಜನವರಿಯಲ್ಲಿ ವೀಸಾ ರದ್ದುಪಡಿಸಿದುದಾಗಿ ಘೋಷಿಸಿತಾದರೂ ಅದರ ಬದಲಿಗೆ ಮುಂಗಡ ಪ್ರಯಾಣಾನುಮತಿಯನ್ನೂ ಅದಕ್ಕೆ 30 ಡಾಲರ್ ಶುಲ್ಕವನ್ನೂ ವಿಧಿಸಿತು. ಹೆಸರು ಬದಲಾದರೂ ಅರ್ಜಿ ತಪ್ಪಲಿಲ್ಲ.

ಪ್ರವೇಶ ದೊರೆತರೆ ಸಾಲದು

ವೀಸಾ ರಹಿತ ಪ್ರವೇಶವೆಂದರೆ ಏನು ಬೇಕಾದರೂ ಮಾಡಲು ಅನುಮತಿಯಲ್ಲ. ಪ್ರವಾಸ, ಸಭೆ, ಮೇಳಕ್ಕೆ ಭೇಟಿ, ಒಪ್ಪಂದದ ಮಾತುಕತೆ ಇವು ಒಂದು ಬಗೆ. ಯಂತ್ರ ಜೋಡಿಸುವುದು, ದುರಸ್ತಿ ಮಾಡುವುದು, ಮಳಿಗೆಯಲ್ಲಿ ನಗದಿಗೆ ಸರಕು ಮಾರುವುದು ಮತ್ತೊಂದು ಬಗೆ. ಎರಡನೆಯ ಬಗೆಯ ಕೆಲಸಗಳನ್ನು ಅನೇಕ ದೇಶಗಳು ಉದ್ಯೋಗವೆಂದೇ ಪರಿಗಣಿಸುತ್ತವೆ.

ಇದರ ಗಂಭೀರತೆಯನ್ನು 2025ರ ಸೆಪ್ಟೆಂಬರ್ 4ರಂದು ಅಮೆರಿಕದ ಜಾರ್ಜಿಯಾ ರಾಜ್ಯದಲ್ಲಿ ನಡೆದ ಘಟನೆ ಜಗತ್ತಿಗೆ ತೋರಿಸಿತು. ಹ್ಯುಂಡೈ ಮತ್ತು ಎಲ್‌ಜಿ ಸಮೂಹಗಳು ಜಂಟಿಯಾಗಿ ನಿರ್ಮಿಸುತ್ತಿದ್ದ ಬ್ಯಾಟರಿ ಕಾರ್ಖಾನೆಯ ಮೇಲೆ ವಲಸೆ ಅಧಿಕಾರಿಗಳು ದಾಳಿ ನಡೆಸಿ 475 ಮಂದಿಯನ್ನು ವಶಕ್ಕೆ ತೆಗೆದುಕೊಂಡರು. ಅವರಲ್ಲಿ ಮುನ್ನೂರಕ್ಕೂ ಹೆಚ್ಚು ಮಂದಿ ದಕ್ಷಿಣ ಕೊರಿಯಾದವರು. ಹಲವರು ವೀಸಾ ವಿನಾಯಿತಿಯ ಮೇಲೆ ಅಥವಾ ಅಲ್ಪಾವಧಿಯ ವ್ಯಾಪಾರ ವೀಸಾದ ಮೇಲೆ ಬಂದವರಾಗಿದ್ದರು. ಅವರನ್ನು ಸ್ವದೇಶಕ್ಕೆ ಕರೆತರಲು ವಿಶೇಷ ವಿಮಾನವನ್ನೇ ಕಳುಹಿಸಬೇಕಾಯಿತು. ಜಗತ್ತಿನ ಅತ್ಯಂತ ಬಲಿಷ್ಠ ಪಾಸ್‌ಪೋರ್ಟುಗಳಲ್ಲೊಂದು ಅವರ ಜೇಬಿನಲ್ಲಿದ್ದರೂ, ಬಂದ ಉದ್ದೇಶಕ್ಕೂ ಮಾಡುವ ಕೆಲಸಕ್ಕೂ ತಾಳೆಯಿಲ್ಲವೆಂಬ ಆರೋಪದೆದುರು ಅದು ಅವರನ್ನು ಕಾಯಲಿಲ್ಲ. ಅಂಥ ತಂತ್ರಜ್ಞರು ಯಂತ್ರಗಳನ್ನು ಅಳವಡಿಸಿ ದುರಸ್ತಿ ಮಾಡಬಹುದೆಂಬ ಸ್ಪಷ್ಟೀಕರಣ ಉಭಯ ಸರ್ಕಾರಗಳ ಮಾತುಕತೆಯ ನಂತರವಷ್ಟೇ ದೊರೆಯಿತು.

ಯಂತ್ರ ಮಾರಿ, ಅದನ್ನು ನಿಲ್ಲಿಸಿಕೊಡಲು ತನ್ನ ಫಿಟ್ಟರ್‌ನನ್ನು ಪ್ರವಾಸಿ ವೀಸಾದಲ್ಲಿ ಕಳುಹಿಸುವ ಸಣ್ಣ ತಯಾರಕರಿಗೆ ಇದು ಎಚ್ಚರಿಕೆಯ ಪಾಠ. ಸಿಕ್ಕಿಬಿದ್ದರೆ ಕಾರ್ಮಿಕನಿಗೆ ಗಡೀಪಾರು, ಉದ್ಯಮಿಗೆ ಒಪ್ಪಂದದ ನಷ್ಟ. ಮುಂದಿನ ಎಲ್ಲ ವೀಸಾ ಅರ್ಜಿಗಳಲ್ಲೂ ಆ ಕಳಂಕ ಉಳಿಯುತ್ತದೆ.

ಇಂದು ತೆರೆದ ಬಾಗಿಲು ನಾಳೆ ಮುಚ್ಚಬಹುದು

ವೀಸಾ ವಿನಾಯಿತಿ ಶಾಶ್ವತ ಹಕ್ಕಲ್ಲ. ಹಾಂಗ್‌ಕಾಂಗ್ ಭಾರತೀಯರಿಗೆ 14 ದಿನಗಳ ಮುಕ್ತ ಪ್ರವೇಶ ನೀಡುತ್ತಿತ್ತು. 2017ರ ಜನವರಿ 23ರಿಂದ ಮುಂಗಡ ನೋಂದಣಿಯನ್ನು ಕಡ್ಡಾಯಗೊಳಿಸಿತು. 2017ರಲ್ಲಿ ಸರ್ಬಿಯಾ ನೀಡಿದ್ದ ವಿನಾಯಿತಿ 2023ರ ಜನವರಿ 1ರಂದು ರದ್ದಾಯಿತು. ಇರಾನ್ 2024ರ ಫೆಬ್ರವರಿಯಲ್ಲಿ ಪ್ರವಾಸಿಗಳಿಗೆ ನೀಡಿದ ವಿನಾಯಿತಿಯನ್ನು 2025ರ ನವೆಂಬರ್ 22ರಿಂದ ಸ್ಥಗಿತಗೊಳಿಸಿತು. ಉದ್ಯೋಗದ ಅಥವಾ ಬೇರೆ ದೇಶಕ್ಕೆ ದಾಟಿಸುವ ಆಮಿಷವೊಡ್ಡಿ ಭಾರತೀಯರನ್ನು ಅಲ್ಲಿಗೆ ಕರೆದೊಯ್ದು, ಹಣಕ್ಕಾಗಿ ಅಪಹರಿಸಿದ ಪ್ರಕರಣಗಳು ಇದರ ಹಿನ್ನೆಲೆಯಲ್ಲಿದ್ದವು. ವಂಚಕರ ದುರ್ಬಳಕೆಯ ಬೆಲೆಯನ್ನು ಪ್ರಾಮಾಣಿಕ ಪ್ರಯಾಣಿಕರೂ ತೆರಬೇಕಾಗುತ್ತದೆ.

ವೆಚ್ಚದ ಲೆಕ್ಕ

ದುರ್ಬಲ ಪಾಸ್‌ಪೋರ್ಟಿನ ಹೊರೆಯನ್ನು ರೂಪಾಯಿಯಲ್ಲೂ ದಿನಗಳಲ್ಲೂ ಅಳೆಯಬೇಕು. ಷೆಂಗೆನ್ ವೀಸಾ ಶುಲ್ಕ 2024ರ ಜೂನ್ 11ರಿಂದ 80 ಯೂರೋಗಳಿಂದ 90 ಯೂರೋಗಳಿಗೆ ಏರಿತು. ಅರ್ಜಿ ಕೇಂದ್ರದ ಸೇವಾ ಶುಲ್ಕ, ಕನಿಷ್ಠ 30,000 ಯೂರೋಗಳ ವೈದ್ಯಕೀಯ ವಿಮೆ ಇವು ಪ್ರತ್ಯೇಕ. 2024ರಲ್ಲಿ ಭಾರತದಿಂದ 11 ಲಕ್ಷಕ್ಕೂ ಹೆಚ್ಚು ಷೆಂಗೆನ್ ಅರ್ಜಿಗಳು ಸಲ್ಲಿಕೆಯಾಗಿ, ಸುಮಾರು 1.65 ಲಕ್ಷ ಅರ್ಜಿಗಳು ತಿರಸ್ಕೃತವಾದವು. ತಿರಸ್ಕೃತರಿಗೆ ಶುಲ್ಕ ಹಿಂದಿರುಗುವುದಿಲ್ಲ. ಅಮೆರಿಕದ ವ್ಯಾಪಾರ ಮತ್ತು ಪ್ರವಾಸಿ ವೀಸಾದ ಅರ್ಜಿ ಶುಲ್ಕ 2023ರ ಜೂನ್‌ನಲ್ಲಿ 185 ಡಾಲರಿಗೆ ಏರಿತು. 2025ರ ಜನವರಿ 17ರಂದು ಬೆಂಗಳೂರಿನಲ್ಲಿ ಆ ದೇಶದ ಕಾನ್ಸುಲೇಟ್ ಉದ್ಘಾಟನೆಯಾಯಿತಾದರೂ ಆಗ ಅಲ್ಲಿ ವೀಸಾ ಸೇವೆ ಆರಂಭವಾಗಿರಲಿಲ್ಲ. ಕರ್ನಾಟಕದ ಅರ್ಜಿದಾರರು ಸಂದರ್ಶನಕ್ಕಾಗಿ ಚೆನ್ನೈ ಅಥವಾ ಹೈದರಾಬಾದಿಗೆ ಹೋಗಿಬರುವ ಖರ್ಚು ಉಳಿದೇ ಇತ್ತು.

ದೊಡ್ಡ ಸಂಸ್ಥೆಗಳಿಗೆ ಈ ವೆಚ್ಚ ದೊಡ್ಡದಲ್ಲ. ಆದರೆ ಮೇಳದ ಮಳಿಗೆಗೆ ಮುಂಗಡ ಕಟ್ಟಿ, ಮಾದರಿ ಸರಕು ರವಾನಿಸಿ, ಕೊನೆಯ ಗಳಿಗೆಯಲ್ಲಿ ವೀಸಾ ಕೈಗೆ ಬಾರದೆ ಮಳಿಗೆಯನ್ನು ಖಾಲಿ ಬಿಡಬೇಕಾದ ಸಣ್ಣ ಉದ್ಯಮಿಗೆ ಇಡೀ ವರ್ಷದ ರಫ್ತು ಯೋಜನೆಯೇ ಕೈತಪ್ಪುತ್ತದೆ.

ಸ್ವಂತ ದಾಖಲೆಯ ಬಲ

ದೇಶದ ಪಾಸ್‌ಪೋರ್ಟಿನ ಸ್ಥಾನವನ್ನು ಒಬ್ಬ ವ್ಯಾಪಾರಿ ಬದಲಿಸಲಾರ. ಆದರೆ ತನ್ನ ಪಾಸ್‌ಪೋರ್ಟಿನ ಬಲವನ್ನು ಹೆಚ್ಚಿಸಿಕೊಳ್ಳಬಲ್ಲ. ಐರೋಪ್ಯ ಆಯೋಗವು 2024ರ ಏಪ್ರಿಲ್ 18ರಂದು ಭಾರತದಲ್ಲಿ ವಾಸಿಸುವ ಭಾರತೀಯರಿಗಾಗಿ ವಿಶೇಷ ನಿಯಮವೊಂದನ್ನು ಅಂಗೀಕರಿಸಿತು. ಅದರಂತೆ ಹಿಂದಿನ ಮೂರು ವರ್ಷಗಳಲ್ಲಿ ಎರಡು ವೀಸಾಗಳನ್ನು ಪಡೆದು ಕಾನೂನುಬದ್ಧವಾಗಿ ಬಳಸಿದವರು ಎರಡು ವರ್ಷಗಳ ಬಹುಪ್ರವೇಶ ವೀಸಾಕ್ಕೂ, ಪಾಸ್‌ಪೋರ್ಟಿನ ಅವಧಿ ಸಾಕಷ್ಟಿದ್ದರೆ ಸಾಮಾನ್ಯವಾಗಿ ಅದರ ನಂತರ ಐದು ವರ್ಷಗಳ ವೀಸಾಕ್ಕೂ ಅರ್ಹರಾಗುತ್ತಾರೆ. ಐದು ವರ್ಷಗಳ ಬಹುಪ್ರವೇಶ ವೀಸಾ ಕೈಯಲ್ಲಿದ್ದವರು ಯುರೋಪಿನ ಮಟ್ಟಿಗೆ ಬಲಿಷ್ಠ ಪಾಸ್‌ಪೋರ್ಟ್ ಇದ್ದವರಷ್ಟೇ ಸ್ವತಂತ್ರರು.

ಒಂದು ವೀಸಾ ಮತ್ತೊಂದು ಬಾಗಿಲಿಗೂ ಕೀಲಿಯಾಗುವುದುಂಟು. ಚಾಲ್ತಿಯಲ್ಲಿರುವ ಅಮೆರಿಕದ ವೀಸಾ ಹೊಂದಿದವರಿಗೆ ಮೆಕ್ಸಿಕೊ ಪ್ರತ್ಯೇಕ ವೀಸಾ ಕೇಳುವುದಿಲ್ಲ. ಅಂತಹ ಭಾರತೀಯರಿಗೆ ಸಂಯುಕ್ತ ಅರಬ್ ಸಂಸ್ಥಾನ 2017ರಿಂದ ಆಗಮನ ವೀಸಾ ನೀಡುತ್ತ ಬಂದಿದೆ. ಟರ್ಕಿಯ ಇ-ವೀಸಾ ಪಡೆಯಲು ಷೆಂಗೆನ್, ಅಮೆರಿಕ ಅಥವಾ ಬ್ರಿಟನ್ನಿನ ವೀಸಾ ಆಧಾರವಾಗುತ್ತದೆ.

ಇದಕ್ಕೆ ಬದಲಾಗಿ ಹಣಕೊಟ್ಟು ಪರದೇಶದ ಪೌರತ್ವ ಕೊಳ್ಳುವ ಜಾಹೀರಾತುಗಳಿಗೆ ಮನಸೋಲುವ ಮುನ್ನ ಎರಡು ಬಾರಿ ಯೋಚಿಸಬೇಕು. 1955ರ ಪೌರತ್ವ ಕಾಯ್ದೆಯ 9ನೆಯ ಕಲಮಿನ ಪ್ರಕಾರ ಸ್ವಇಚ್ಛೆಯಿಂದ ಬೇರೆ ಪೌರತ್ವ ಪಡೆದವರು ಭಾರತದ ಪೌರತ್ವವನ್ನು ಕಳೆದುಕೊಳ್ಳುತ್ತಾರೆ. ಕೊಂಡ ಪಾಸ್‌ಪೋರ್ಟಿನ ಬೆಲೆಯೂ ಸ್ಥಿರವಲ್ಲ. ಪೌರತ್ವ ಮಾರಾಟದ ಕಾರಣದಿಂದಲೇ ವನುವಾಟು ದ್ವೀಪರಾಷ್ಟ್ರದ ಪ್ರಜೆಗಳಿಗಿದ್ದ ವಿನಾಯಿತಿಯನ್ನು ಐರೋಪ್ಯ ಒಕ್ಕೂಟ 2024ರ ಡಿಸೆಂಬರಿನಲ್ಲಿ ಸಂಪೂರ್ಣವಾಗಿ ಹಿಂತೆಗೆದುಕೊಂಡಿತು.

ವ್ಯಾಪಾರಸ್ಥರು ಗಮನಿಸಬೇಕಾದ ಅಂಶಗಳು

1. ಪಾಸ್‌ಪೋರ್ಟಿನ ಅವಧಿ ಪ್ರಯಾಣದ ದಿನದಿಂದ ಕನಿಷ್ಠ ಆರು ತಿಂಗಳು ಉಳಿದಿರಲಿ. ಪದೇ ಪದೇ ಪ್ರಯಾಣಿಸುವವರು 36 ಪುಟಗಳ ಬದಲು 60 ಪುಟಗಳ ಪುಸ್ತಿಕೆಗೆ ಅರ್ಜಿ ಸಲ್ಲಿಸುವುದು ಲೇಸು.

2. ಆಹ್ವಾನಪತ್ರದಲ್ಲಿ ಉದ್ದೇಶ ಸ್ಪಷ್ಟವಾಗಿರಲಿ. ಮೇಳಕ್ಕೆ ಭೇಟಿಯೇ, ಮಾತುಕತೆಯೇ, ಯಂತ್ರ ಅಳವಡಿಕೆಯೇ ಎಂಬುದನ್ನು ನೇರವಾಗಿ ಬರೆದು, ಅದಕ್ಕೆ ತಕ್ಕ ವೀಸಾವನ್ನೇ ಕೇಳಬೇಕು.

3. ಷೆಂಗೆನ್ ಅರ್ಜಿಯನ್ನು ಪ್ರಯಾಣದ ಮುಖ್ಯ ಉದ್ದೇಶವಿರುವ ಅಥವಾ ಹೆಚ್ಚು ದಿನ ತಂಗುವ ದೇಶಕ್ಕೇ ಸಲ್ಲಿಸಬೇಕು. ಪ್ರಯಾಣಕ್ಕೆ ಆರು ತಿಂಗಳ ಮುಂಚಿನಿಂದ ಅರ್ಜಿ ಸ್ವೀಕರಿಸಲಾಗುತ್ತದೆ. ಮೇಳದ ಮಳಿಗೆ ಕಾಯ್ದಿರಿಸಿದ ದಿನವೇ ವೀಸಾದ ಸಿದ್ಧತೆಯೂ ಆರಂಭವಾಗಲಿ.

4. 180 ದಿನಗಳಲ್ಲಿ 90 ದಿನಗಳೆಂಬ ಷೆಂಗೆನ್ ಮಿತಿಯನ್ನು ಮೀರಬಾರದು. 2025ರ ಅಕ್ಟೋಬರ್ 12ರಂದು ಆರಂಭವಾದ ಹೊಸ ವ್ಯವಸ್ಥೆಯಲ್ಲಿ ಆಗಮನ, ನಿರ್ಗಮನಗಳನ್ನು ಗಣಕಯಂತ್ರವೇ ದಾಖಲಿಸುತ್ತದೆ. ಒಂದು ದಿನದ ಲೋಪವೂ ಕಣ್ತಪ್ಪದು.

5. ವಿಮಾನ ಬದಲಿಸುವ ದೇಶಕ್ಕೂ ಸಾಗಣೆ ವೀಸಾ ಬೇಕೇ ಎಂಬುದನ್ನು ಟಿಕೆಟ್ ಕೊಳ್ಳುವ ಮೊದಲೇ ವಿಚಾರಿಸಬೇಕು. ಸರಿಯಾದ ದಾಖಲೆಯಿಲ್ಲದವರನ್ನು ಕರೆದೊಯ್ದರೆ ವಿಮಾನ ಸಂಸ್ಥೆಗೇ ದಂಡ ಬೀಳುವುದರಿಂದ ಮೊದಲ ತಪಾಸಣೆ ಬೆಂಗಳೂರಿನ ಚೆಕ್-ಇನ್ ಕೌಂಟರಿನಲ್ಲೇ ನಡೆಯುತ್ತದೆ.

6. ಹತ್ತನೆಯ ತರಗತಿ ತೇರ್ಗಡೆಯಾಗದ ಕೆಲಸಗಾರರ ಪಾಸ್‌ಪೋರ್ಟಿನಲ್ಲಿ ವಲಸೆ ತಪಾಸಣೆ ಅಗತ್ಯವೆಂಬ ಷರಾ ಇರಬಹುದು. ಕೊಲ್ಲಿ ದೇಶಗಳೂ ಮಲೇಷ್ಯಾ, ಇಂಡೋನೇಷ್ಯಾ ಮೊದಲಾದವೂ ಸೇರಿದಂತೆ 18 ದೇಶಗಳಿಗೆ ಅಂಥವರನ್ನು ಉದ್ಯೋಗಕ್ಕೆ ಕಳುಹಿಸಲು ಪ್ರತ್ಯೇಕ ಅನುಮತಿ ಬೇಕು.

7. ಮೇಳಕ್ಕೆ ಒಯ್ದು ಮರಳಿ ತರುವ ಮಾದರಿ ಸರಕಿಗೆ ಎಟಿಎ ಕಾರ್ನೆಟ್ ಪಡೆದರೆ ಸುಂಕದ ತೊಡಕು ತಪ್ಪುತ್ತದೆ. ಭಾರತದಲ್ಲಿ ಇದನ್ನು ನೀಡುವ ಸಂಸ್ಥೆ ಫಿಕ್ಕಿ.

8. ವಾಣಿಜ್ಯ ಮಂಡಳಿಗಳು ಸದಸ್ಯರಿಗೆ ನೀಡುವ ವೀಸಾ ಶಿಫಾರಸು ಪತ್ರ ಅರ್ಜಿದಾರನ ವ್ಯವಹಾರ ನೈಜವೆಂಬುದಕ್ಕೆ ಪೂರಕ ಸಾಕ್ಷ್ಯ. ಆದರೆ ಅದು ತೆರಿಗೆ ಮತ್ತು ಬ್ಯಾಂಕ್ ದಾಖಲೆಗಳಿಗೆ ಪರ್ಯಾಯವಲ್ಲ.

9. ನಿಯಮಗಳನ್ನು ಆಯಾ ದೇಶದ ರಾಯಭಾರ ಕಚೇರಿಯ ಅಧಿಕೃತ ಪ್ರಕಟಣೆಯಿಂದಲೇ ಖಚಿತಪಡಿಸಿಕೊಳ್ಳಬೇಕು. ಕಳೆದ ವರ್ಷದ ಅನುಭವ ಈ ವರ್ಷಕ್ಕೆ ಆಧಾರವಾಗದು.

ಉಪಸಂಹಾರ

ಏಷ್ಯಾ-ಪೆಸಿಫಿಕ್ ಆರ್ಥಿಕ ಸಹಕಾರ ವೇದಿಕೆಯ ದೇಶಗಳು ತಮ್ಮ ಉದ್ಯಮಿಗಳಿಗೆ ವ್ಯಾಪಾರ ಪ್ರಯಾಣ ಕಾರ್ಡನ್ನು ನೀಡುತ್ತವೆ. ಒಮ್ಮೆ ಪರಿಶೀಲನೆಗೊಳಪಟ್ಟ ಉದ್ಯಮಿ ಅನುಮತಿ ನೀಡಿದ ಸದಸ್ಯ ದೇಶಗಳಿಗೆ ಪ್ರತಿ ಬಾರಿಯೂ ವೀಸಾ ಕೇಳದೆ ವ್ಯಾಪಾರಕ್ಕಾಗಿ ಹೋಗಿಬರಬಹುದು. ಭಾರತ ಆ ವೇದಿಕೆಯ ಸದಸ್ಯನಲ್ಲ. ಸಾಮಾನ್ಯ ಪ್ರಜೆಗಳೆಲ್ಲರಿಗೂ ವೀಸಾ ಮನ್ನಾ ಮಾಡಲು ಹಿಂಜರಿಯುವ ದೇಶಗಳು ಕೂಡ ತೆರಿಗೆ ಕಟ್ಟಿ, ಕ್ರಮಬದ್ಧವಾಗಿ ವ್ಯವಹರಿಸುವ ಉದ್ಯಮಿಗಳಿಗೆ ಇಂಥ ಪ್ರತ್ಯೇಕ ದಾರಿ ತೆರೆಯಲು ಒಪ್ಪಬಹುದು ಎಂಬುದನ್ನು ಈ ವ್ಯವಸ್ಥೆ ತೋರಿಸುತ್ತದೆ. ಮುಕ್ತ ವ್ಯಾಪಾರ ಒಪ್ಪಂದಗಳ ಮಾತುಕತೆಯಲ್ಲಿ ಸುಂಕದ ದರಗಳ ಜೊತೆಗೆ ಈ ಬೇಡಿಕೆಯನ್ನೂ ಮುಂದಿಡುವಂತೆ ಸರ್ಕಾರವನ್ನು ಒತ್ತಾಯಿಸುವುದು ವಾಣಿಜ್ಯ ಸಂಸ್ಥೆಗಳ ಕರ್ತವ್ಯ. ಶ್ರೇಯಾಂಕದಲ್ಲಿ ಎರಡು ಸ್ಥಾನ ಏರುವುದಕ್ಕಿಂತ, ಸರಕು ಮಾರುವ ಐದು ದೇಶಗಳ ಬಾಗಿಲಲ್ಲಿ ಕಾಯುವ ದಿನಗಳು ಕಡಿಮೆಯಾಗುವುದೇ ವ್ಯಾಪಾರಿಗೆ ನಿಜವಾದ ಲಾಭ.